ಯಾವ ಕೆನ್ನೆ

ಪಾಠ ಹೇಳಿಕೊಡುವ ಹುಡುಗಿ ತಮ್ಮನ್ನು ಅಂಕಲ್ ಎಂದು ಕರೆಯುವುದು ಡ್ರಾಯಿಂಗ್ ಮೇಷ್ಟ್ರಿಗೆ ಇನ್ನೂ ಒಗ್ಗಿರಲಿಲ್ಲ. ಅರ್ಧ ಆಯಸ್ಸು ಮಕ್ಕಳಿಂದ ಸಾರ್ ಅನ್ನಿಸಿಕೊಂಡು, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ತಂದು ಶಾಲೆಗೆ ಸೇರಿಸಿದಾಗ ಅವರಿಂದಲೂ ಸಾರ್ ಅನ್ನಿಸಿಕೊಂಡ ಕಿವಿಗೆ ಆ ಮಾತು, ಬಸ್ಸಿನಲ್ಲಿ ಯಾರೋ ಸ್ವಲ್ಪ ಒತ್ತಿ ಕೂತ್ಕೊಳ್ಳಿ ಅಂದ ಹಾಗೆ ಕೇಳುತ್ತಿತ್ತು. ಆದರೂ ಹೂಂ ಎನ್ನುತ್ತಿದ್ದರು, ಒತ್ತಿ ಕೂರುತ್ತಲೂ ಇದ್ದರು. ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಆ ಕಂಪ್ಯೂಟರ್ ಕ್ಲಾಸಿನ ಕೋಣೆಯಲ್ಲಿ ಕುರ್ಚಿಗಳಿಗೆಲ್ಲ ಗಾಲಿಗಳಿದ್ದವು. ಮೇಷ್ಟ್ರು ಕನ್ನಡಕ ಮೇಲೆತ್ತಿ ಸ್ಕ್ರೀನಿನ ಕಡೆಗೆ ಬಾಗಿದರೆ ಕುರ್ಚಿ ಹಿಂದಕ್ಕೆ ಹೋಗುತ್ತಿತ್ತು, ಕುರ್ಚಿ ಎಳೆದುಕೊಳ್ಳಲು ಹೋದರೆ ಮೌಸು ಕೆಳಗೆ ಬೀಳುತ್ತಿತ್ತು. ಗೋಡೆಯ ಮೇಲಿನ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಬಕೆಟ್ ಇಟ್ಟಿದ್ದರು. ಶಾಲೆಗೆ ಹೊಸದಾಗಿ ಬಂದ ಹೆಡ್‌ಮೇಡಂ, ‘ಡ್ರಾಯಿಂಗ್ ಪೀರಿಯಡ್ಡು ಇನ್ಮೇಲೆ ಕಂಪ್ಯೂಟರಲ್ಲೇ ಸಾರ್. ಫೋಟೋ ಎಡಿಟಿಂಗು, ಅದು ಇದು ಎಲ್ಲ ಕಲ್ತ್ಕೊಂಡ್ ಬನ್ನಿ. ಆಗ್ಲಿಲ್ಲ ಅಂದ್ರೆ ಪರವಾಗಿಲ್ಲ, ಲೈಬ್ರರಿ ಇದ್ದೇ ಇದೆ’ ಎಂದು ನಗುನಗುತ್ತಲೇ ಹೇಳಿದ್ದರು. ಲೈಬ್ರರಿಯೆಂದರೆ ಮೆಟ್ಟಿಲ ಕೆಳಗೆ ಬೀಗ ಹಾಕಿದ ಎರಡು ಬೀರು. ಅವುಗಳ ಬೀಗದಕೈ ಯಾರ ಹತ್ತಿರ ಇದೆಯೆಂದು ಹೆಡ್‌ಮೇಡಂಗೂ ಗೊತ್ತಿರಲಿಲ್ಲ.

ಕಲಿಯುವುದೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ, ಅದೇ ಅವರನ್ನು ಹೆಚ್ಚು ದಣಿಸಿತ್ತು. ಲೇಯರ್ ಎಂದರೆ ಏನೆಂದು ಹುಡುಗಿ ಒಂದು ಗಂಟೆ ವಿವರಿಸಿದಾಗ, ಗಾಜಿನ ಮೇಲೆ ಗಾಜು ಇಟ್ಟು ಮೇಲಿನದರಲ್ಲಿ ಮೋಡ, ಕೆಳಗಿನದರಲ್ಲಿ ಬೆಟ್ಟ ಬಿಡಿಸಿದ ಹಾಗೆ ಎಂದು ಅವರಿಗೆ ಮೊದಲ ನಿಮಿಷದಲ್ಲೇ ಹೊಳೆದಿತ್ತು. ಹೊಳೆದದ್ದನ್ನು ಕೈಗೆ ಇಳಿಸುವುದೇ ಆಗುತ್ತಿರಲಿಲ್ಲ. ಕಪ್ಪು ಹಲಗೆಯ ಮೇಲೆ ಒಂದೇ ಬೀಸಿಗೆ ದುಂಡಗೆ ವೃತ್ತ ಎಳೆಯುತ್ತಿದ್ದ ಕೈ, ಮೌಸ್ ಹಿಡಿದಾಗ ಲಕ್ವ ಹೊಡೆದವರ ಕೈಯ ಹಾಗೆ ಅತ್ತಿತ್ತ ಓಡಾಡುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಕೂರುವ ಕೇಕ್ ಅಂಗಡಿಯ ಹೆಂಗಸು ಮೂರನೇ ಕ್ಲಾಸಿಗೇ ತನ್ನ ಕೇಕುಗಳ ಮೇಲೆ ಮಿಂಚು ಬರಿಸಲು ಕಲಿತುಬಿಟ್ಟಿದ್ದಳು. ಎಲ್ಲಕ್ಕಿಂತ ಅವರಿಗೆ ಇರುಸುಮುರುಸಾಗುತ್ತಿದ್ದುದು ಅನ್‌ಡೂ ಎಂಬುದರಿಂದ. ಎರಡು ಬೆರಳಿಂದ ಒತ್ತಿದರೆ ಮಾಡಿದ್ದು ಮಾಡಿಯೇ ಇರಲಿಲ್ಲ ಅನ್ನುವ ಹಾಗೆ ಹೋಗಿಬಿಡುತ್ತಿತ್ತು. ಕಾಗದದ ಮೇಲೆ ಎಷ್ಟು ಮೃದುವಾಗಿ ರಬ್ಬರ್ ಆಡಿಸಿದರೂ ಬೆಳಕಿಗೆ ಹಿಡಿದರೆ ಮೊದಲ ಗೆರೆ ಕಾಣುತ್ತದೆ. ಮಕ್ಕಳ ಕಾಗದಗಳನ್ನು ಅವರು ಹಾಗೆ ಕಿಟಕಿಗೆ ಹಿಡಿದು, ‘ನೋಡು, ಮೊದಲು ಇಲ್ಲಿ ಎಳೆದಿದ್ದೆ, ಹೆದರಿಕೊಂಡು ಅಳಿಸಿದೆ’ ಎಂದು ತೋರಿಸುತ್ತಿದ್ದರು. ಇಲ್ಲಿ ಹಿಡಿಯಲು ಕಾಗದವೂ ಇಲ್ಲ. ‘ತಪ್ಪು ಮಾಡೋಕೆ ಹೆದರ್ಬೇಡಿ ಅಂಕಲ್, ವಾಪಸ್ ತರ್ಬೋದು’ ಎಂದು ಹುಡುಗಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಅವಳ ವಯಸ್ಸಿಗೆ ಆ ಧೈರ್ಯ ಚೆಂದವೇ ಎಂದುಕೊಳ್ಳುತ್ತಿದ್ದರು ಮೇಷ್ಟ್ರು.

ಈ ಶನಿವಾರ ಎಲ್ಲರೂ ಮನೆಯಿಂದ ಒಂದೊಂದು ಫೋಟೋ ತರಬೇಕಿತ್ತು. ಮೇಷ್ಟ್ರು ಮಗಳದ್ದು ತಂದಿದ್ದರು. ತಂದಿದ್ದರು ಎನ್ನುವುದಕ್ಕಿಂತ ಅವಳೇ ಕೊಟ್ಟಿದ್ದಳು. ಬೆನ್ನು, ಮಂಡಿ, ಮುರಿದು ಕೂಡಿಸಿದ ಕೈಕಾಲುಗಳನ್ನು ಮತ್ತೆ ಆಡುವಂತೆ ಮಾಡುವ ಒಂದು ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಬಾಗಿಲ ಬಳಿ ಎಲ್ಲರ ಫೋಟೋ ಹಾಕಿದ ಹೊಸ ಬೋರ್ಡ್ ಬರುತ್ತಿತ್ತು. ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಲೇ ತನ್ನ ಫೋನಿನಿಂದ ಅವರ ಪೆನ್‌ಡ್ರೈವಿಗೆ ಫೋಟೋ ಹಾಕಿಕೊಟ್ಟು, ‘ಅಪ್ಪಾ, ಹಿಂದೆ ಹಗ್ಗದ ಮೇಲೆ ಬಟ್ಟೆ ಒಣಗ್ತಿರೋದು ಕಾಣತ್ತೆ. ಅದಷ್ಟು ತೆಗೆದ್ಬಿಡು. ಮುಖ ಮಾತ್ರ ಮುಟ್ಬೇಡ. ಬೋರ್ಡಲ್ಲೊಂದು ಮುಖ, ರೂಮಲ್ಲೊಂದು ಮುಖ ಇದ್ರೆ ಪೇಷೆಂಟುಗಳು ಬೇರೆಯೋರು ಅಂದ್ಕೋತಾರೆ’ ಎಂದಿದ್ದಳು. ಅವಳಾಗಿ ಏನನ್ನಾದರೂ ಮಾಡಿಕೊಡು ಎಂದು ಕೇಳಿ ಎಷ್ಟು ಕಾಲವಾಗಿತ್ತೋ. ಅಪ್ಪ ಮಗಳ ನಡುವೆ ಜಗಳವೇನಿರಲಿಲ್ಲ. ಬಲ್ಬು ಸುಟ್ಟಿದೆ, ಬೀಗದಕೈ ಎಲ್ಲಿ, ಬಸ್ಸು ಬಂತಾ, ಇಂಥ ಮಾತುಗಳು ದಿನಾ ನಡೆಯುತ್ತಿದ್ದವು. ಮಾತಾಡುವಾಗ ಮೇಷ್ಟ್ರು ಅವಳ ಬೈತಲೆಯನ್ನೋ, ಕೈಯಲ್ಲಿರುವ ಚೀಲವನ್ನೋ, ಅವಳ ಹಿಂದಿನ ಬಾಗಿಲನ್ನೋ ನೋಡುತ್ತಿದ್ದರು. ಅವಳು ಗೇಟು ದಾಟಿದ ಮೇಲೆ ಹೆಂಡತಿ ಅಡುಗೆಮನೆಯಿಂದ ಬಂದು, ‘ಹೇಗೂ ಕಲೀತಿದೀರಲ್ಲ, ಅದನ್ನೂ ಸ್ವಲ್ಪ ತೆಳು ಮಾಡಿ. ನಾನು ಹೇಳ್ದೆ ಅಂತ ಹೇಳ್ಬೇಡಿ’ ಎಂದಳು. ಆ ಮನೆಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ, ಅದು ಅಂದರೆ ಅದೇ. ಹೇಳಿ, ತಂಗಿಯ ಮನೆಗೆ ಹೋಗಿ ಸಂಜೆ ಬರುತ್ತೇನೆಂದು ಅವಳೂ ಹೊರಟಳು.

ಸ್ಕ್ರೀನಿನ ಮೇಲೆ ಮಗಳ ಫೋಟೋ ದೊಡ್ಡದಾಗಿ ತೆರೆದುಕೊಂಡಾಗ ಮೇಷ್ಟ್ರ ಕಣ್ಣು ನೆಟ್ಟಗೆ ಹಗ್ಗದ ಮೇಲಿನ ಬಟ್ಟೆಗಳಿಗೆ ಹೋಯಿತು. ಒಂದು ಟವೆಲು, ತಮ್ಮದೇ ಒಂದು ಅಂಗಿ, ದಿಂಬಿನ ಕವರು. ಅವನ್ನೆಲ್ಲ ಸುತ್ತುಗಟ್ಟಿ ತೆಗೆದು, ಆ ಜಾಗಕ್ಕೆ ಗೋಡೆಯ ಬಣ್ಣ ತುಂಬಿ, ಕೂದಲಿನ ಅಂಚಿಗೆ ಬಂದಾಗ ಮೊದಲ ಸಲ ಅವರ ಕೈ ಹೇಳಿದ ಮಾತು ಕೇಳಿತು. ಒಂದೊಂದು ಎಳೆಯನ್ನೂ ಬಿಡಿಸಿ ಬಿಡಿಸಿ ಉಳಿಸಿದರು. ಹುಡುಗಿ ಹಿಂದೆ ಬಂದು ನಿಂತು, ‘ಸೂಪರ್ ಅಂಕಲ್! ಕೂದ್ಲು ಇಷ್ಟ್ ನೀಟಾಗಿ ಯಾರೂ ಉಳ್ಸಿಲ್ಲ’ ಎಂದಾಗ ಅವರ ಕಿವಿ ಬೆಚ್ಚಗಾಯಿತು. ಆ ಖುಷಿಯಲ್ಲಿ ಅವಳು ಅವರ ಕೈಯಿಂದ ಮೌಸ್ ತೆಗೆದುಕೊಂಡು, ‘ಇದೊಂದು ಮಾರ್ಕಿದೆಯಲ್ಲ, ಇದನ್ನ ಹೇಗೆ ತೆಗೆಯೋದು ಅಂತ ತೋರಿಸ್ತೀನಿ, ಎಲ್ರೂ ನೋಡಿ’ ಎಂದು ಚಿತ್ರವನ್ನು ಹಿಗ್ಗಿಸುತ್ತಾ ಹೋದಳು. ಮೂಗು ಹೊರಗೆ ಹೋಯಿತು, ಕಣ್ಣು ಹೊರಗೆ ಹೋಯಿತು, ಕಡೆಗೆ ಸ್ಕ್ರೀನಿನ ತುಂಬ ಬರೀ ಚರ್ಮ ಉಳಿಯಿತು. ‘ಯಾವಾಗ್ಲೂ ಹೀಗೆ ಹತ್ರ ಹೋಗಿ ಕೆಲಸ ಮಾಡ್ಬೇಕು’ ಎಂದು ಒಂದು ಸಲ ಉಜ್ಜಿದಳು. ಸುಕ್ಕುಸುಕ್ಕಾಗಿ ಹೊಳೆಯುತ್ತಿದ್ದ ಜಾಗ ಸುತ್ತಲಿನ ಚರ್ಮದ ಹಾಗೇ ಆಗಿ ಕೂತಿತು. ಆಮೇಲೆ ಚಿತ್ರವನ್ನು ಮತ್ತೆ ಕುಗ್ಗಿಸಿದಾಗ ಕೇಕ್ ಅಂಗಡಿಯ ಹೆಂಗಸು ಗಾಲಿ ಕುರ್ಚಿಯಲ್ಲೇ ಸರಿದು ಬಂದು, ‘ಅಯ್ಯೋ, ಈಗ ಎಷ್ಟು ಲಕ್ಷಣವಾಗಿ ಕಾಣ್ತಾಳೆ! ಮಗಳಾ?’ ಎಂದಳು. ಆ ‘ಈಗ’ ಮೇಷ್ಟ್ರ ಎದೆಯಲ್ಲಿ ಎಲ್ಲೋ ಹೋಗಿ ಚುಚ್ಚಿತು. ಅವರು ಟವೆಲು ಇದ್ದ ಜಾಗವನ್ನೇ ನೋಡುತ್ತಾ, ‘ಬೇಡ, ವಾಪಸ್ ತನ್ನಿ, ಅವಳಿಗಿಷ್ಟ ಇಲ್ಲ’ ಎಂದರು. ‘ಅದಕ್ಕೇನಂತೆ’ ಎಂದು ಹುಡುಗಿ ಎರಡು ಬೆರಳಿಂದ ಒತ್ತಿ ಬೇರೆಯವರ ಕಡೆಗೆ ಹೋದಳು.

ಅವಳು ಹೋದ ಮೇಲೆ ಮೇಷ್ಟ್ರು ಅತ್ತಿತ್ತ ನೋಡಿ ತಾವೇ ಚಿತ್ರವನ್ನು ಹಿಗ್ಗಿಸಿದರು. ಕಣ್ಣು ಮೂಗು ಕಾಣದಷ್ಟು ಹತ್ತಿರ ಹೋದ ಮೇಲೆ ನೋಡುವುದು ಸುಲಭವಾಗಿತ್ತು. ಅದು ಯಾರ ಚರ್ಮವೂ ಆಗಬಹುದಿತ್ತು, ಬಿಸಿಲಿಗೆ ಒಣಗಿದ ಕೆರೆಯಂಗಳವೂ ಆಗಬಹುದಿತ್ತು. ಉಜ್ಜಿದರು. ಹೋಯಿತು. ಎರಡು ಬೆರಳಿಂದ ಒತ್ತಿದರು. ಬಂತು. ಮತ್ತೆ ಉಜ್ಜಿದರು. ಅದು ಆದಾಗ ಮಗಳಿಗೆ ಐದೋ ಆರೋ. ಬಟ್ಟೆಯ ಮೇಲೆ ಮೇಣ ಹೊಯ್ದು ಬಣ್ಣದಲ್ಲಿ ಅದ್ದುವ ಚಿತ್ರಗಳ ಹುಚ್ಚು ಹಿಡಿದಿದ್ದ ಕಾಲ ಅದು. ದೊಡ್ಡ ಪ್ರದರ್ಶನವೊಂದಕ್ಕೆ ತಮ್ಮ ಚಿತ್ರ ಆರಿಸುತ್ತಾರೆಂಬ ಆಸೆಯಲ್ಲಿ ರಜೆಯ ದಿನಗಳೆಲ್ಲ ಮೇಜಿನ ಮೇಲೆ ಸಣ್ಣ ಒಲೆ ಇಟ್ಟು ಮೇಣ ಕರಗಿಸುತ್ತಿದ್ದರು. ಮಗು ಕೈಯಲ್ಲೇನೋ ಹಿಡಿದು ಬಂದು, ‘ಅಪ್ಪಾ ನೋಡು’ ಅಂದಿತ್ತು. ಬ್ರಷ್ಷಿನ ತುದಿ ಗೆರೆಯ ನಡುವೆ ಇತ್ತು. ಮುಖ ತಿರುಗಿಸದೆ ‘ಆಮೇಲೆ’ ಅಂದಿದ್ದರು. ‘ನೋಡಪ್ಪಾ’. ‘ಆಮೇಲೆ ಅಂದೆನಲ್ಲ’. ಮೇಣದ ಪಾತ್ರೆ ಉರುಳಿದ ಮೇಲಿನ ಕಿರುಚಾಟ ಮಾತ್ರ ನೆನಪಿದೆ. ತೋರಿಸಲು ತಂದಿದ್ದೇನು ಎಂದು ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದಾಗ, ‘ಮಗು ತೋಳು ಹಿಡ್ಕೊಂಡು ಎಳೀತು ಡಾಕ್ಟರೇ, ಕೈ ತಪ್ಪಿತು’ ಎಂಬ ಮಾತು ಅವರ ಬಾಯಿಂದ ಯಾರೋ ಹೇಳಿಕೊಟ್ಟ ಹಾಗೆ ಬಂದಿತ್ತು. ಹೆಂಡತಿಗೂ ಅದನ್ನೇ ಹೇಳಿದರು, ಅತ್ತೆಗೂ ಅದನ್ನೇ. ವರ್ಷಗಳು ಕಳೆದ ಹಾಗೆ ಮಾತಿಗೆ ಉಪ್ಪು ಖಾರ ಸೇರಿ, ‘ಚಿಕ್ಕೋಳಿದ್ದಾಗ ಇವಳದ್ದು ವಿಪರೀತ ಹಟ, ಹಿಡಿದದ್ದು ಬಿಡ್ತಿರಲಿಲ್ಲ’ ಎಂದು ನೆಂಟರೆದುರು ಅವಳು ಕೇಳುತ್ತಿರುವಾಗಲೇ ಹೇಳಿ ನಕ್ಕದ್ದೂ ಇದೆ. ಒತ್ತಿದರೆ ಬರುತ್ತದೆ, ಉಜ್ಜಿದರೆ ಹೋಗುತ್ತದೆ. ಉಜ್ಜಿದಾಗಲೆಲ್ಲ ಭುಜದಿಂದ ಏನೋ ಇಳಿಸಿದಂತಾಗುತ್ತಿತ್ತು, ನಾಚಿಕೆಯಾಗಿ ಮತ್ತೆ ಒತ್ತುತ್ತಿದ್ದರು. ‘ಟೈಮಾಯ್ತು, ಎಲ್ರೂ ಸೇವ್ ಮಾಡಿ ಕ್ಲೋಸ್ ಮಾಡಿ’ ಎಂದು ಹುಡುಗಿ ಕೂಗಿದಾಗ ಅವರು ಗಾಬರಿಯಿಂದ, ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಿದ್ದವರ ಹಾಗೆ, ಸೇವ್ ಮಾಡಿದರು, ಕ್ಲೋಸ್ ಮಾಡಿದರು, ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು, ಮಗಳು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಗೋಡೆಯ ಬಣ್ಣವನ್ನು ಇನ್ನಿಷ್ಟು ತಿಳಿ ಮಾಡೋಣವೆಂದು ತೆರೆದಾಗ ಗೊತ್ತಾಯಿತು. ಮುಖ ನುಣ್ಣಗೆ ಕೂತಿತ್ತು. ಎರಡು ಬೆರಳಿಂದ ಒತ್ತಿದರು. ಮತ್ತೆ ಒತ್ತಿದರು. ಮುಚ್ಚಿ ತೆರೆದ ಮೇಲೆ ವಾಪಸ್ ತರುವುದು ಇರುವುದಿಲ್ಲ, ಅದಕ್ಕೇ ಮೊದಲು ಅಸಲಿನದೊಂದು ನಕಲು ಮಾಡಿಟ್ಟುಕೊಂಡು ಕೆಲಸ ಶುರು ಮಾಡಿ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದು ಆಗ ನೆನಪಾಯಿತು. ಮಗಳಿಗೆ ಫೋನ್ ಮಾಡಿ ಇನ್ನೊಂದು ಸಲ ಕಳಿಸು ಎಂದಿದ್ದರೆ ಮುಗಿಯುತ್ತಿತ್ತು. ಯಾಕೆ ಎನ್ನುತ್ತಾಳೆ. ಕೆಟ್ಟುಹೋಯಿತು ಎನ್ನಬಹುದು. ಏನು ಕೆಟ್ಟುಹೋಯಿತು ಎನ್ನುತ್ತಾಳೆ. ಮುಟ್ಟಬೇಡ ಎಂದು ಅವಳು ಹೇಳಿದ್ದು ಒಂದೇ ಒಂದು, ಅದನ್ನೇ ಮುಟ್ಟಿದ್ದರು. ಬಟ್ಟೆ ತೆಗೆಯಲು ಕೊಟ್ಟ ಚಿತ್ರದಲ್ಲಿ ಅವಳನ್ನೇ ತೆಗೆದು, ಇವಳು ಸಾಲದು ಎಂದು ಇನ್ನೊಬ್ಬಳನ್ನು ಕೂರಿಸಿಕೊಟ್ಟ ಹಾಗಾಗುತ್ತಿತ್ತು. ಹಾಗೆ ಹೇಳದೆ ಕಳಿಸಿಬಿಟ್ಟರೆ, ಬೋರ್ಡಿನ ಮೇಲೆ ನೋಡಿ ಅವಳೇನೂ ಕೇಳುವವಳಲ್ಲ. ಕೇಳುವವಳಾಗಿದ್ದರೆ ವಾಸಿಯಿತ್ತು. ನಾನು ಚಿತ್ರ ಬಿಡಿಸುವವನಲ್ಲವೇ, ಎಂದುಕೊಂಡರು. ಸಂಜೆಯೊಳಗೆ ಅದನ್ನು ಇದ್ದ ಹಾಗೆಯೇ ಬಿಡಿಸಿಬಿಟ್ಟರಾಯಿತು. ಬ್ರಷ್ ಆರಿಸಿಕೊಂಡರು, ಚರ್ಮದ ಬಣ್ಣ ಆರಿಸಿಕೊಂಡರು, ಮಗಳ ಮುಖದ ಮುಂದೆ ಬಾಣದ ಗುರುತನ್ನು ತಂದು ನಿಲ್ಲಿಸಿದರು. ಅದು ಅಲ್ಲೇ ನಿಂತಿತು. ಎಡಕ್ಕೋ ಬಲಕ್ಕೋ ಅವರಿಗೆ ಗೊತ್ತಿರಲಿಲ್ಲ.

ಮೊದಲು ಅವರಿಗೆ ನಗು ಬಂತು. ಸುಸ್ತಾಗಿದೆ, ಅಷ್ಟೆ, ಎಂದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಕಣ್ಣು ಮುಚ್ಚಿ ಮಗಳನ್ನು ನೆನೆದರು. ಬೈತಲೆ ಬಂತು, ಹೆಗಲ ಮೇಲಿನ ಚೀಲ ಬಂತು, ಕಾಫಿ ಲೋಟ ಹಿಡಿದ ಬೆರಳು ಉಗುರಿನ ಸಮೇತ ಬಂತು. ಕೆನ್ನೆ ಬರಲಿಲ್ಲ. ಬೆಳಿಗ್ಗೆ ಅಷ್ಟು ಸಲ ಉಜ್ಜಿದ್ದು ಯಾವ ಕಡೆ ಎಂದು ಯೋಚಿಸಿದರೆ, ಹಿಗ್ಗಿಸಿದ ಚಿತ್ರದಲ್ಲಿ ಕಡೆಗಳೇ ಇರಲಿಲ್ಲ. ಗೋಡೆಯ ಮೇಲಿದ್ದ ಅವಳ ಪದವಿಯ ಫೋಟೋದ ಹತ್ತಿರ ಹೋಗಿ ನೋಡಿದರು. ಸ್ಟುಡಿಯೋದವನು ಯಾರೂ ಕೇಳದೆಯೇ ಎಲ್ಲವನ್ನೂ ನುಣ್ಣಗೆ ಮಾಡಿಕೊಟ್ಟಿದ್ದ. ತಮ್ಮ ಫೋನಿನಲ್ಲಿದ್ದ ಫೋಟೋಗಳಲ್ಲಿ ಒಂದರಲ್ಲಿ ಎಡಗಡೆ ಏನೋ ಮಸುಕಾಗಿದ್ದ ಹಾಗೆ, ಇನ್ನೊಂದರಲ್ಲಿ ಬಲಗಡೆ ಇದ್ದ ಹಾಗೆ ಕಂಡಿತು. ತನ್ನನ್ನು ತಾನೇ ತೆಗೆದುಕೊಂಡ ಫೋಟೋಗಳನ್ನು ಕೆಲವು ಫೋನುಗಳು ಕನ್ನಡಿಯ ಹಾಗೆ ತಿರುಗಿಸುತ್ತವೆ, ಕೆಲವು ಇಲ್ಲ, ಎಂದು ಕ್ಲಾಸಿನಲ್ಲಿ ಹೇಳಿದ್ದರು. ಯಾವುದು ಯಾರು ತೆಗೆದದ್ದೆಂದು ಅವರಿಗೆ ತಿಳಿಯಲಿಲ್ಲ. ಬೀರುವಿನ ಕೆಳಗಿನ ಖಾನೆಯಲ್ಲಿ ಅವಳನ್ನು ನೋಡಿ ಬರೆದ ಚಿತ್ರಗಳ ಕಟ್ಟೊಂದಿತ್ತು. ತೊಟ್ಟಿಲಲ್ಲಿ ಮಲಗಿದ್ದು, ಬಾಯಿಗೆ ಬೆರಳಿಟ್ಟದ್ದು, ಮೊದಲ ದಿನ ಶಾಲೆಗೆ ಹೊರಟದ್ದು. ಎಲ್ಲ ಮೇಣ ಬಿದ್ದ ದಿನಕ್ಕಿಂತ ಮೊದಲಿನವು. ಆಮೇಲೆ ಅವರು ಅವಳನ್ನು ಒಂದು ಸಲವೂ ಬರೆದಿರಲಿಲ್ಲ, ಬರೆದಿಲ್ಲ ಎಂಬುದೂ ಈ ಮಧ್ಯಾಹ್ನದವರೆಗೆ ಅವರಿಗೆ ಗೊತ್ತಿರಲಿಲ್ಲ.

ಹೆಂಡತಿಯನ್ನು ಕೇಳಬಹುದಿತ್ತು. ಫೋನ್ ಹಚ್ಚಿದರು. ಆ ಕಡೆ ಟೀವಿ ಸದ್ದು, ತಂಗಿಯ ನಗು, ‘ಏನ್ರೀ, ಊಟ ಮಾಡಿದ್ರಾ?’ ಎಂಬ ಅವಳ ಗಟ್ಟಿ ದನಿ. ನಮ್ಮ ಮಗಳಿಗೆ ಯಾವ ಕೆನ್ನೆ ಸುಟ್ಟಿತ್ತು ಎಂದು ಹೆತ್ತವಳನ್ನು ಕೇಳುವುದು ಹೇಗೆ? ಮೇಷ್ಟ್ರು ಕೆಮ್ಮಿದರು.

‘ಕಾಫಿ ಪುಡಿ ಎಲ್ಲಿಟ್ಟಿದೀಯ?’

‘ಒಲೆ ಪಕ್ಕದಲ್ಲೇ ಇದೆಯಲ್ಲ, ಕೆಂಪು ಡಬ್ಬಿ. ದಿನಾ ಕಣ್ಣೆದುರಿಗೇ ಇರತ್ತೆ. ನಿಮಗೆ ಯಾವುದು ತಾನೇ ಕಣ್ಣಿಗೆ ಬೀಳತ್ತೆ!’

‘ಸರಿ, ಸಿಕ್ತು’ ಎಂದು ಅವರು ಕೂತಲ್ಲೇ ಹೇಳಿ ಫೋನ್ ಇಟ್ಟರು. ಕಾಫಿ ಬೇಕಿರಲಿಲ್ಲ.

ಕಡೆಗೆ ಲೆಕ್ಕ ಹಾಕಿ ಕಂಡುಹಿಡಿಯುವುದೆಂದು ತೀರ್ಮಾನಿಸಿದರು. ಮೇಜನ್ನು ಕಿಟಕಿಯ ಕಡೆ ಎಳೆದು, ಆಗ ಇದ್ದ ಹಾಗೆ ಗೋಡೆಗೆ ಆನಿಸಿದರು. ಎದುರಿಗೆ ಕುರ್ಚಿ. ಒಲೆಯ ಜಾಗದಲ್ಲಿ, ಬಲಗೈ ಹತ್ತಿರ, ಮೇಜಿನ ಅಂಚಿಗೆ ನೀರಿನ ಬಾಟಲಿ ಇಟ್ಟರು. ಕುರ್ಚಿಯ ಬಲಕ್ಕೆ ಸ್ಟೂಲೊಂದನ್ನು ತಂದು ನಿಲ್ಲಿಸಿದರು, ಅದು ಮಗು. ತಾವು ಕುರ್ಚಿಯಲ್ಲಿ ಕೂತು ಬಲಗೈ ಆಡಿಸಿ ನೋಡಿದರು, ಎದ್ದು ಹೋಗಿ ಸ್ಟೂಲಿನ ಜಾಗದಲ್ಲಿ ಮಂಡಿಯೂರಿ ಮಗುವಿನಷ್ಟೇ ಎತ್ತರವಾಗಿ ಖಾಲಿ ಕುರ್ಚಿಯನ್ನು ನೋಡಿದರು. ಯಾರಾದರೂ ಬಾಗಿಲು ತೆರೆದಿದ್ದರೆ ಮೇಷ್ಟ್ರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಮಗು ತೋಳು ಹಿಡಿದು ಎಳೆಯಿತು. ತೋಳು ಎಳೆಯಬೇಕಾದರೆ ಅಪ್ಪನ ಕಡೆಗೇ ಮುಖ ಮಾಡಿ ನಿಂತಿರಬೇಕು. ಹಾಗೆ ನಿಂತರೆ ಮೇಜು, ಮೇಜಿನ ಮೇಲಿನ ಮೇಣದ ಪಾತ್ರೆ, ಮಗುವಿನ ಬಲಕ್ಕೆ ಬರುತ್ತದೆ. ಮಂಡಿಯೂರಿದಲ್ಲೇ ಅವರು ತಮ್ಮ ಬಲಗೆನ್ನೆ ಮುಟ್ಟಿಕೊಂಡರು. ಬಾಟಲಿ ಅದಕ್ಕೆ ನೇರವಾಗಿತ್ತು. ಬಲಗೆನ್ನೆ, ಸಂಶಯವೇ ಇಲ್ಲ. ಮಂಡಿ ಹಿಡಿದುಕೊಂಡು ಏಳುವಾಗ ಇಷ್ಟು ಸುಲಭದ್ದಕ್ಕೆ ಇಷ್ಟು ಒದ್ದಾಡಿದೆನಲ್ಲ ಅನ್ನಿಸಿತು.

ಆಮೇಲೆ ಕೆಲಸ ಸರಾಗವಾಗಿ ಸಾಗಿತು. ಸುಟ್ಟ ಚರ್ಮ ಹೇಗಿರುತ್ತದೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಂಚು ತುಸು ಕಪ್ಪು, ನಡುವೆ ಎಳೆದು ಬಿಗಿದಂತೆ ಹೊಳಪು, ಹೊಳಪಿನೊಳಗೆ ಸಣ್ಣ ಸಣ್ಣ ಮಡಿಕೆ. ಕಣ್ಣಿನ ಕೆಳಗಿನಿಂದ ಶುರುವಾಗಿ ದವಡೆಯವರೆಗೆ ಇಳಿಸಿದರು. ಬೇರೆ ಲೇಯರಿನ ಮೇಲೆ ಬಿಡಿಸಿ, ಕೆಳಗಿನ ಚರ್ಮ ಎಷ್ಟು ಬೇಕೋ ಅಷ್ಟು ಇಣುಕುವಂತೆ ತೆಳು ಮಾಡಿದರು. ಇಷ್ಟು ವಾರ ಹಟ ಮಾಡುತ್ತಿದ್ದ ಮೌಸು ಈಗ ಹಳೆಯ ಕುಂಚದ ಹಾಗೆ ಅವರ ಮಾತು ಕೇಳುತ್ತಿತ್ತು. ಕೊನೆಯ ಮಡಿಕೆಗೆ ಬೆಳಕು ಕೊಟ್ಟು ಹಿಂದಕ್ಕೆ ಒರಗಿ ನೋಡಿದಾಗ, ಭಲೇ ಎಂಬ ಮಾತು ಬಾಯಿಗೇ ಬಂದುಬಿಟ್ಟಿತ್ತು. ಎರಡನೆಯ ಸಲ ಅದೇ ಮಗುವಿನ ಮೇಲೆ ಅದನ್ನೇ ಸುರಿದು, ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟವರು ತಾವೊಬ್ಬರೇ ಇರಬೇಕು. ಸೇವ್ ಮಾಡಿ ಕೈ ಕಟ್ಟಿಕೊಂಡು ಕೂತರು.

ಮಗಳು ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಶೂ ಬಿಚ್ಚುತ್ತಾ, ‘ಆಯ್ತಾ ಅಪ್ಪಾ? ಸಂಜೆಯೊಳಗೆ ಕಳಿಸ್ಬೇಕಂತೆ. ಮೇಜ್ಯಾಕೆ ಇಲ್ಲಿಗೆ ಬಂತು?’ ಎಂದಳು. ಮೇಷ್ಟ್ರು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ, ಕೀಲಿಮಣೆಯನ್ನೇ ನೋಡುತ್ತಾ ಕೂತರು. ಅವಳು ಮೇಜಿಗೆ ಕೈಯೂರಿ ಬಗ್ಗಿದಳು. ‘ಅರೆ, ಹಗ್ಗ ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ!’ ಎಂದಳು. ಆ ಮೆಚ್ಚುಗೆಗೆ ಮೇಷ್ಟ್ರು ತಲೆಯೆತ್ತಿ ನೋಡಿದರು. ಮಗಳ ಕೈ ತಾನಾಗಿ ಮೇಲಕ್ಕೆ ಹೋಗಿ ಅವಳ ಎಡಗೆನ್ನೆಯ ಮೇಲೆ ಕೂತಿತ್ತು. ಅವಳ ಕಣ್ಣು ಸ್ಕ್ರೀನಿನಲ್ಲಿದ್ದ ಬಲಗೆನ್ನೆಯ ಮೇಲಿತ್ತು.

‘ಮೊದ್ಲು ತೆಗೆದ್ಬಿಟ್ಟಿದ್ದೆ ಅಲ್ವಾ?’ ಎಂದಳು.

‘ಹೂಂ.’

‘ಅಮ್ಮ ಹೇಳಿದ್ಲಾ?’

ಹೌದು ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ‘ಹೇಳಿದ್ಲು. ಅದಕ್ಕಲ್ಲ. ನಾನೇ ತೆಗೆದೆ, ಕ್ಲಾಸಲ್ಲಿ. ಸುಮ್ನೆ ನೋಡೋಣ ಅಂತ. ಆಮೇಲೆ ವಾಪಸ್ ಬರ್ಲಿಲ್ಲ. ಅದಕ್ಕೆ ಬಿಡಿಸ್ದೆ.’

‘ಚೆನ್ನಾಗೇ ಬಿಡಿಸಿದೀಯ’ ಎಂದು ಅವಳು ನಕ್ಕಳು. ನೋವಿದೆಯಾ ಎಂದು ಕೇಳುತ್ತಾ ರೋಗಿಯ ಕಾಲು ಮಡಿಸುವಾಗ ನಗುತ್ತಾರಲ್ಲ, ಆ ಬಗೆಯ ನಗು. ‘ಕೆನ್ನೆ ಒಂದು ತಪ್ಪಿದೆ. ಸೈಜೂ. ಅಪ್ಪಾ, ನಿಂಗೆ ಇಷ್ಟು ದೊಡ್ಡದಾಗಿ ಕಾಣತ್ತಾ ಅದು?’

‘ಕೈ ತೆಗಿ’ ಎಂದರು ಮೇಷ್ಟ್ರು.

‘ಏನು?’

‘ಕೈ ತೆಗಿ. ನೋಡ್ತೀನಿ.’

ಅವಳು ಕಿಟಕಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತು ಕೈ ತೆಗೆದಳು. ಬೆಳಕಿನಲ್ಲಿ ಎಡಗೆನ್ನೆ ಅವರ ಕಡೆಗೇ ಇತ್ತು. ಮೇಷ್ಟ್ರ ಕಣ್ಣು ಮೊದಲು ಅವಳ ಕಿವಿಗೆ ಹೋಯಿತು, ಅಲ್ಲಿಂದ ಬೈತಲೆಗೆ ಓಡಿತು. ಅವರು ಅದನ್ನು ತಂಟೆಕೋರ ಹುಡುಗನ ಕಿವಿ ಹಿಡಿದು ಬೆಂಚಿಗೆ ಕೂರಿಸುವ ಹಾಗೆ ಎಳೆದು ತಂದು ಕೂರಿಸಿದರು. ಕಿವಿಯ ಹತ್ತಿರ, ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಜಾಗ, ಉಳಿದದ್ದಕ್ಕಿಂತ ತುಸು ತಿಳಿಯಾಗಿ ಸುಕ್ಕುಗಟ್ಟಿತ್ತು. ಅಷ್ಟೆ. ಇಷ್ಟೇನಾ ಎಂದು ಒಳಗೊಂದು ಮಾತು ಎದ್ದು, ಒಂದು ಗಳಿಗೆ ಹಗುರವಾದಂತೆ ಅನ್ನಿಸಿ, ಮರುಗಳಿಗೆಗೆ ನಾಚಿಕೆಯಿಂದ ಅವರ ಮುಖ ಕಾದುಹೋಯಿತು. ಇಷ್ಟರಿಂದ ಹೆದರಿ ಅವಳ ಮುಖವನ್ನಷ್ಟೂ ಬಿಟ್ಟುಕೊಟ್ಟಿದ್ದರು. ಅವಳು ಯಾವಾಗ ಇಷ್ಟು ದೊಡ್ಡವಳಾದಳು, ತುಟಿಯ ಪಕ್ಕದ ಆ ಗೆರೆ ಯಾವಾಗ ಬಂತು, ಏನೊಂದೂ ತಿಳಿಯದು.

ನೋಡುತ್ತಿದ್ದ ಹಾಗೆ ಅವರಿಗೆ ಮಧ್ಯಾಹ್ನದ ಲೆಕ್ಕ ನೆನಪಾಯಿತು. ಅವಳು ಕೂತಿದ್ದ ಸ್ಟೂಲು ಇನ್ನೂ ಅದೇ ಜಾಗದಲ್ಲಿತ್ತು, ಬಾಟಲಿಯೂ ಮೇಜಿನ ಅಂಚಿನಲ್ಲೇ ಇತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ತೋಳು ಎಳೆಯುತ್ತಿದ್ದ ಮಗುವಿಗೆ ಬಲಗೆನ್ನೆಯೇ ಸುಡಬೇಕು. ಎಡಗೆನ್ನೆ ಮೇಜಿನ ಕಡೆಗೆ ಬರಬೇಕಾದರೆ ಮಗು ಅಪ್ಪನಿಗೆ ಬೆನ್ನು ಮಾಡಿರಬೇಕು. ಬೆನ್ನು ಮಾಡಿ, ತಂದದ್ದನ್ನು ಕೈಯಲ್ಲೇ ಹಿಡಿದುಕೊಂಡು, ಹೊರಟಿರಬೇಕು.

‘ನೀನು ಎಳೀಲಿಲ್ಲ’ ಎಂದರು ಮೇಷ್ಟ್ರು.

‘ಏನ್ ಎಳೀಲಿಲ್ಲ?’

‘ನನ್ನ ತೋಳು. ಎಳೆದಿದ್ರೆ ಬಲಗೆನ್ನೆಗೆ ಬೀಳ್ತಿತ್ತು. ನೀನು ನೋಡು ಅಂದೆ, ನಾನು ಆಮೇಲೆ ಅಂದೆ, ನೀನು ನನ್ನ ಮಾತು ಕೇಳ್ಕೊಂಡು ತಿರುಗಿ ಹೊರಟಿದ್ದೆ. ನಾನೇ ನೋಡದೆ ಕೈ ಚಾಚಿ ಪಾತ್ರೆಗೆ ತಗಲಿಸಿದ್ದು. ಡಾಕ್ಟರ ಹತ್ರ ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಹೇಳ್ತಾ ಹೇಳ್ತಾ ಅದೇ ನಿಜ ಅಂತ ಕೂತುಬಿಡ್ತು.’

ಮಗಳ ಫೋನು ಮೇಜಿನ ಮೇಲೆ ಒಂದು ಸಲ ಗುರ್ ಎಂದು ಸುಮ್ಮನಾಯಿತು. ಅದನ್ನು ಅವಳು ಮಗುಚಿ ಇಟ್ಟಳು.

‘ನಂಗೆ ಏನೂ ನೆನಪಿಲ್ಲ’ ಎಂದಳು ನಿಧಾನವಾಗಿ. ‘ಕೇಳಿದೋರಿಗೆಲ್ಲ ನಾನು ಹೇಳ್ತೀನಿ, ಚಿಕ್ಕೋಳಿದ್ದಾಗ ಭಾರೀ ಹಟಮಾರಿ, ಅಪ್ಪನ ಕೈ ಜಗ್ಗಿ ನಾನೇ ಸುರ್ಕೊಂಡೆ ಅಂತ. ಪೇಷೆಂಟುಗಳು ನಗ್ತಾರೆ. ಹಟ ಬಂದಾಗೆಲ್ಲ ನನ್ನ ನಾನೇ ಬೈಕೋತಿದ್ದೆ ಅಪ್ಪಾ. ಸ್ಕೂಲಲ್ಲೂ. ಯಾರನ್ನೂ ಏನನ್ನೂ ಎರಡನೇ ಸಲ ಕೇಳ್ತಿರ್ಲಿಲ್ಲ.’

ಮೇಷ್ಟ್ರಿಗೆ ಎದ್ದು ಎಲ್ಲಾದರೂ ಹೋಗಬೇಕೆನ್ನಿಸಿತು. ಮಗಳು ಸ್ಟೂಲನ್ನು ಎಳೆದುಕೊಂಡು ಅವರ ಎದುರಿಗೇ ಬಂದು ಕೂತಳು, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

‘ಇನ್ನೊಂದ್ ಸಲ ಹೇಳು’ ಎಂದಳು.

ಮೇಷ್ಟ್ರು ಅವಳ ಎಡಗೆನ್ನೆಯನ್ನು ನೋಡುತ್ತಾ ಹೇಳಿದರು: ‘ನೀನು ಎಳೀಲಿಲ್ಲ ಮಗಳೇ. ನೀನು ಆಗ್ಲೇ ಹೊರಟಿದ್ದೆ.’